ಗಾಳಿ ಬಂದಾಗ ಹಾರಿಸಿಕೋ

ಮೊದಲು ಒಂದು ಸಣ್ಣ ಲೆಕ್ಕ. 2 ಮೀಟರ್ ರೆಕ್ಕೆಯ, ಮುಕ್ಕಾಲು ಕಿಲೋ ತೂಕದ ಬಾಲ್ಸಾ ಗ್ಲೈಡರೊಂದನ್ನು 100 ಮೀಟರ್ ಎತ್ತರಕ್ಕೆ ಒಯ್ದು ಬಿಟ್ಟರೆ, ಅಲುಗಾಡದ ಗಾಳಿಯಲ್ಲಿ ಅದು ಸೆಕೆಂಡಿಗೆ ಹೆಚ್ಚುಕಡಿಮೆ ಅರ್ಧ ಮೀಟರಿನಂತೆ ಇಳಿಯುತ್ತದೆ. ಅಂದರೆ 200 ಸೆಕೆಂಡು. ಮೂರು ನಿಮಿಷ ಇಪ್ಪತ್ತು ಸೆಕೆಂಡಿಗೆ ಅದು ನೆಲದ ಮೇಲಿರಬೇಕು. ಆದರೆ ಫೆಬ್ರುವರಿಯ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಕೋಲಾರದ ಕಡೆಯ ಯಾವುದಾದರೂ ಕಟಾವಾದ ರಾಗಿ ಹೊಲಕ್ಕೆ ಬನ್ನಿ. ಅಂಚುಟೋಪಿ ಹಾಕಿಕೊಂಡು, ಎದೆಗೆ ಟ್ರಾನ್ಸ್‌ಮಿಟರ್ ನೇತುಹಾಕಿಕೊಂಡ ಎಪ್ಪತ್ತು ದಾಟಿದವರೊಬ್ಬರು ಅದೇ ಗ್ಲೈಡರನ್ನು ಅರ್ಧ ಗಂಟೆ ಮೇಲೇ ನಿಲ್ಲಿಸಿರುತ್ತಾರೆ. ಅದನ್ನು ಮೇಲಕ್ಕೆ ಒಯ್ದ ಮೋಟರ್ ಆರಿಸಿ ಆಗಲೇ ಬಹಳ ಹೊತ್ತಾಗಿದೆ. ಹಾಗಾದರೆ ಉಳಿದ ಇಪ್ಪತ್ತಾರು ನಿಮಿಷ ಎಲ್ಲಿಂದ ಬಂತು? ಈ ಹವ್ಯಾಸದ ಸ್ವಾರಸ್ಯವೆಲ್ಲ ಇರುವುದು ಆ ಇಪ್ಪತ್ತಾರು ನಿಮಿಷದಲ್ಲಿ.

ಹೊಲದ ಬದುವಿನ ಮೇಲೆ ನಿಂತು ನೋಡುವ ರೈತರ ಮೊದಲ ಪ್ರಶ್ನೆಯೂ ಅದೇ. “ಯಜಮಾನ್ರೇ, ಇಂಜಿನ್ ನಿಂತೋಗೈತಲ್ಲ, ಮತ್ತೆ ಮ್ಯಾಲಕ್ಕೆ ಹೆಂಗೆ ಹೋಗ್ತಾ ಐತೆ?” ಬಿಸಿಲಿಗೆ ಕಾದ ನೆಲ, ಅದರ ಮೇಲಿನ ಬಿಸಿಗಾಳಿ, ಆ ಗಾಳಿ ಕಂಬದಂತೆ ಮೇಲೇಳುವುದು ಎಂದು ವಿವರಿಸಲು ಹೊರಟರೆ ಅವರು ಅರ್ಧಕ್ಕೇ ತಡೆಯುತ್ತಾರೆ. “ಗಾಳಿ ಬಂದಾಗ ತೂರಿಕೋ ಅಂತಾರಲ್ಲ, ಹಂಗೆ.” ಕಣದಲ್ಲಿ ಮೊರ ಎತ್ತಿ ಹಿಡಿದು, ಒಂದು ಉಸಿರು ಗಾಳಿಗಾಗಿ ಕಾದು ನಿಂತವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಗಾಳಿ ಒಂದೇ ಸಮನೆ ಬೀಸುವುದಿಲ್ಲ, ಅಲೆಯಲೆಯಾಗಿ ಬರುತ್ತದೆ, ನಡುವೆ ಸುಮ್ಮನಾಗುತ್ತದೆ ಎಂಬುದು ನಮಗಿಂತ ಮೊದಲೇ ಅವರಿಗೆ ಗೊತ್ತು.

ನಿವೃತ್ತರಾದವರಿಗೆ ಬಿಟ್ಟಿ ಸಲಹೆ ಕೊಡುವವರಿಗೆ ಬರವಿಲ್ಲ. ವಾಕಿಂಗ್ ಮಾಡಿ, ಸುಡೊಕು ಆಡಿ, ಅಪಾರ್ಟ್‌ಮೆಂಟಿನ ಸಂಘಕ್ಕೆ ಕಾರ್ಯದರ್ಶಿಯಾಗಿ. ಎಲ್ಲದರ ತಳದಲ್ಲೂ ಒಂದೇ ಮಾತು: ಹೇಗೋ ಕಾಲ ಕಳೆಯಬೇಕಲ್ಲ! ನನಗೆ ಈ ಮಾತು ಆಗುವುದಿಲ್ಲ. ಕಳೆಯಲಿಕ್ಕೆ ನಮ್ಮ ಹತ್ತಿರ ಅಷ್ಟು ಕಾಲವಾದರೂ ಎಲ್ಲಿದೆ? ಅರವತ್ತು ದಾಟಿದ ಮೇಲೆ ರೇಡಿಯೊ ಗ್ಲೈಡರಿನ ಹುಚ್ಚು ಹತ್ತಿಸಿಕೊಂಡವರಿಗೆ ದಿನ ಸಾಲುವುದಿಲ್ಲ ಎಂಬುದೇ ದೂರು. ಇದರಲ್ಲಿ ಇನ್ನೊಂದು ಅನುಕೂಲವಿದೆ. ಬೇರೆ ಆಟಗಳಲ್ಲಿ ಅದನ್ನು ನಾನು ಕಂಡಿಲ್ಲ. ಟೆನಿಸ್ ಅಂಗಳ ನಮ್ಮ ಮಂಡಿ ನೋವಿಗಾಗಿ ಚಿಕ್ಕದಾಗುವುದಿಲ್ಲ. ಗ್ಲೈಡರನ್ನಾದರೆ ನಮ್ಮ ಕಣ್ಣು, ಕೈ, ಕುತ್ತಿಗೆಗೆ ಒಗ್ಗುವಂತೆ ನಾವೇ ಕಟ್ಟಿಕೊಳ್ಳಬಹುದು.

ಕಟ್ಟುವುದು ಶುರುವಾಗುವುದು ಊಟದ ಮೇಜಿನ ಮೇಲೆ. ನಕ್ಷೆಯನ್ನು ಹಲಗೆಯ ಮೇಲೆ ಹಾಸಿ, ಅಂಟು ಮೆತ್ತದಂತೆ ಅದರ ಮೇಲೆ ತೆಳು ಪ್ಲಾಸ್ಟಿಕ್ ಹೊದಿಸಿ, ರೆಕ್ಕೆಯ ಉದ್ದಕ್ಕೂ ಚಾಚುವ ತೊಲೆಯಾದ ಕೆಳಗಿನ ಸ್ಪಾರನ್ನು ಗುಂಡುಸೂಜಿಯಿಂದ ಊರಿಸಬೇಕು. ಅದರ ಮೇಲೆ ರೆಕ್ಕೆಗೆ ಆಕಾರ ಕೊಡುವ ಅಡ್ಡಪಟ್ಟಿಗಳಾದ ರಿಬ್ಬುಗಳನ್ನು ಒಂದೊಂದಾಗಿ ನಿಲ್ಲಿಸಿ, ಮೇಲಿನ ಸ್ಪಾರ್ ಕೂರಿಸಿ, ಎರಡೂ ಸ್ಪಾರುಗಳ ನಡುವೆ ಎಳೆ ಲಂಬವಾಗಿರುವ ಬಾಲ್ಸಾ ತುಂಡುಗಳನ್ನು ಸೇರಿಸಬೇಕು. ಆ ತುಂಡುಗಳು ಕಾಣಲು ಏನೂ ಅಲ್ಲ. ಅವನ್ನು ಬಿಟ್ಟರೆ ಮಾತ್ರ ಗ್ಲೈಡರನ್ನು ಎಳೆದು ಏರಿಸುವಾಗ ರೆಕ್ಕೆ ಮಡಚಿಕೊಳ್ಳುತ್ತದೆ. ರೆಕ್ಕೆಯ ಮುಂಭಾಗಕ್ಕೆ ಒಂದೂವರೆ ಮಿಲಿಮೀಟರ್ ದಪ್ಪದ ಬಾಲ್ಸಾ ಹಾಳೆ ಹೊದಿಸಿದರೆ ಅದು ತಿರುಚಿಕೊಳ್ಳದಷ್ಟು ಗಟ್ಟಿಯಾಗುತ್ತದೆ.

ಬಾಲ್ಸಾ ವಿಚಿತ್ರವಾದ ಮರ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅದು ಗಟ್ಟಿಮರಗಳ ಗುಂಪಿಗೆ ಸೇರಿದ್ದು; ಹಿಡಿದು ನೋಡಿದರೆ ಉಗುರು ಇಳಿಯುತ್ತದೆ. ಜಗತ್ತಿಗೆ ಹೆಚ್ಚಾಗಿ ಅದನ್ನು ಕೊಡುವ ದೇಶ ಈಕ್ವೆಡಾರ್. ಐದಾರು ವರ್ಷಕ್ಕೆಲ್ಲ ಕಡಿಯಲು ಬರುತ್ತದೆ. ಘನ ಮೀಟರಿಗೆ ಸುಮಾರು 160 ಕಿಲೋ ತೂಗುತ್ತದೆ, ತೇಗದ ಕಾಲುಭಾಗ. ಆದರೆ ಒಂದೇ ಕಟ್ಟಿನಲ್ಲಿ ಬಂದ ಎರಡು ಹಾಳೆಗಳ ತೂಕ ಒಂದೇ ಇರುವುದಿಲ್ಲ. ಆದ್ದರಿಂದ ಅಂಗಡಿಯಿಂದ ತಂದ ಹಾಳೆಗಳನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ವಿಂಗಡಿಸುವುದೇ ಮೊದಲ ಕೆಲಸ: ಗಟ್ಟಿಯಾದದ್ದು ಸ್ಪಾರಿಗೆ, ತೀರ ಹಗುರವಾದದ್ದು ಬಾಲಕ್ಕೆ. ಬಾಲದಲ್ಲಿ 1 ಗ್ರಾಂ ಹೆಚ್ಚಾದರೆ ಸಮತೋಲಕ್ಕಾಗಿ ಮೂಗಿನಲ್ಲಿ ಎರಡು ಮೂರು ಗ್ರಾಂ ಸೀಸ ತುಂಬಬೇಕಾಗುತ್ತದೆ.

ಅಂಟಿನ ವಿಷಯದಲ್ಲಿ ವಯಸ್ಸಾದವರಿಗೆ ನನ್ನ ಪಕ್ಷಪಾತದ ಸಲಹೆಯೊಂದಿದೆ. ಕ್ಷಣದಲ್ಲಿ ಹಿಡಿಯುವ ಸೂಪರ್‌ಗ್ಲೂ ಅವಸರದ ಹುಡುಗರಿಗಿರಲಿ. ಅದರ ಹೊಗೆ ಕಣ್ಣು ಮೂಗಿಗೆ ಹತ್ತುತ್ತದೆ, ನಡುಗುವ ಕೈ ಅರ್ಧ ಮಿಲಿಮೀಟರ್ ಜಾರಿದರೆ ತಿದ್ದಲು ಅವಕಾಶವಿಲ್ಲ. ಬಡಗಿಗಳು ಬಳಸುವ ಫೆವಿಕಾಲ್ ಹಚ್ಚಿ ನೋಡಿ. ರಿಬ್ಬನ್ನು ಸರಿಸಿ, ಕನ್ನಡಕ ಬದಲಿಸಿ, ಮತ್ತೊಮ್ಮೆ ಸರಿಸಿ, ಮೂಲೆಮಟ್ಟ ಹಿಡಿದು ನೋಡುವಷ್ಟು ಹೊತ್ತು ಅದು ಸುಮ್ಮನಿರುತ್ತದೆ. ಒಣಗಲು ಒಂದು ರಾತ್ರಿ ಬೇಕು. ನಿವೃತ್ತರ ಹತ್ತಿರ ರಾತ್ರಿಗಳಿವೆ. ಉಜ್ಜುಕಾಗದ ಹಿಡಿಯುವಾಗ ಮಾತ್ರ ಮೂಗಿಗೆ ಮಾಸ್ಕ್ ಕಡ್ಡಾಯ. ಬಾಲ್ಸಾ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಕೊನೆಗೆ ಬಣ್ಣದ ಫಿಲ್ಮನ್ನು ಇಸ್ತ್ರಿಪೆಟ್ಟಿಗೆಯ ಬಿಸಿಯಿಂದ ಅಂಟಿಸಿ, ಸುಕ್ಕು ಹೋಗುವಂತೆ ಬಿಗಿಸಬೇಕು. ಇದಕ್ಕೆ ಬೇರೆಯೇ ಇಸ್ತ್ರಿಪೆಟ್ಟಿಗೆ ಇಟ್ಟುಕೊಳ್ಳತಕ್ಕದ್ದು, ಮನೆಯದನ್ನು ಮುಟ್ಟಕೂಡದು. ಇದು ನಮ್ಮ ಮನೆಯ ಕಾನೂನು. ಮಾಡಿದವರು ಯಾರೆಂದು ಹೇಳಬೇಕಾಗಿಲ್ಲ.

ಈಗ ಇಷ್ಟೆಲ್ಲ ಸಲೀಸಾಗಿ ಹೇಳುತ್ತೇನೆ. ನಾವು ಹುಡುಗರಾಗಿದ್ದಾಗ ಇದ್ಯಾವುದೂ ಕೈಗೆ ಸಿಗುತ್ತಿರಲಿಲ್ಲ. ಎನ್‌ಸಿಸಿ ವಾಯುವಿಭಾಗ ಸೇರಿದವರಿಗೆ ಎರಡು ತಂತಿಗೆ ಕಟ್ಟಿದ ಕಂಟ್ರೋಲ್‌ಲೈನ್ ವಿಮಾನ ಗಿರಕಿ ಹೊಡೆಯುವುದನ್ನು ನೋಡುವ ಭಾಗ್ಯವಿತ್ತು. ಈಥರ್, ಸೀಮೆಎಣ್ಣೆ, ಹರಳೆಣ್ಣೆ ಬೆರೆತ ಆ ಇಂಧನದ ವಾಸನೆ ಒಮ್ಮೆ ಹೊಕ್ಕರೆ ಜನ್ಮಕ್ಕೂ ಬಿಡುವುದಿಲ್ಲ. ಕಲ್ಕತ್ತೆಯ ಇಂಡಿಯಾಸ್ ಹಾಬಿ ಸೆಂಟರ್ ಎಂಬ ಅಂಗಡಿಯ ಹೆಸರು ನಮಗೆ ಪುಣ್ಯಕ್ಷೇತ್ರದ ಹೆಸರಾಗಿತ್ತು. ಬಾಲ್ಸಾ ಆಮದಿನ ಸರಕು, ರೇಡಿಯೊ ಅಂತೂ ಕನಸು. ಅಮೆರಿಕದ ಮಿಷಿಗನ್‌ನ ಕಲಮಜೂ ಊರಿನ ವಾಲ್ಟರ್ ಮತ್ತು ವಿಲಿಯಂ ಗುಡ್ ಸಹೋದರರು ‘ಗಫ್’ ಎಂಬ ವಿಮಾನವನ್ನು ರೇಡಿಯೊದಿಂದ ಹಾರಿಸಿದ್ದು 1937ರಲ್ಲೇ. ಆ ವಿಮಾನ ಈಗ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ನಮ್ಮಲ್ಲಿ ರೇಡಿಯೊ ವಿಮಾನ ಬಹುಕಾಲ ಪುಸ್ತಕದ ಚಿತ್ರವಾಗಿಯೇ ಉಳಿಯಿತು. ಆಮೇಲೆ ಬಂದ 27 ಮೆಗಾಹರ್ಟ್ಸ್ ಸೆಟ್ಟುಗಳ ಕಾಲದಲ್ಲಿ ಒಂದೇ ಆವರ್ತನದ ಕ್ರಿಸ್ಟಲ್ ಇದ್ದ ಇಬ್ಬರು ಒಟ್ಟಿಗೆ ಸ್ವಿಚ್ ಹಾಕಿದರೆ ವಿಮಾನ ನೆಲಕ್ಕೇ. ಈಗಿನ 2.4 ಗಿಗಾಹರ್ಟ್ಸ್ ಸೆಟ್ಟುಗಳಿಗೆ ಆ ಜಗಳ ಗೊತ್ತಿಲ್ಲ.

ನಮ್ಮ ಬೆಂಗಳೂರಿಗೂ ಗ್ಲೈಡರಿಗೂ ಹಳೆಯ ನಂಟು ಉಂಟು. ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಟಲ್ ಅವರ ಬಳಿ ಕಲಿತು ಬಂದ ವಿ.ಎಂ. ಘಾಟಗೆ, ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಇಲ್ಲಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನಲ್ಲಿ ಸೈನಿಕರನ್ನು ಹೊರುವ ಹತ್ತು ಸೀಟಿನ ಗ್ಲೈಡರನ್ನು ವಿನ್ಯಾಸ ಮಾಡಿದ್ದರು. ಮುಂದೆ ಎಚ್‌ಟಿ-2 ತರಬೇತಿ ವಿಮಾನ ಕೊಟ್ಟವರೂ ಅವರೇ. ಎಚ್‌ಎಎಲ್, ಎನ್‌ಎಎಲ್, ಇಸ್ರೋಗಳಿಂದ ನಿವೃತ್ತರಾದವರು ಬೀದಿಗೊಬ್ಬರಿರುವ ಊರು ಇದು. ಗಾಳಿಯ ಒತ್ತಡದ ಸಮೀಕರಣಗಳ ಜತೆ ಮೂವತ್ತು ವರ್ಷ ಕಳೆದವರಿಗೂ ಬಾಲ್ಸಾ ರೆಕ್ಕೆಯೊಂದು ಕೈಯಿಂದ ಜಾರಿ ತೇಲಿದಾಗ ಬಾಯಲ್ಲಿ ಬರುವುದು “ಅಯ್ಯೋ ಹೋಯ್ತು, ಹೋಯ್ತು!” ಎಂಬ ಉದ್ಗಾರವಷ್ಟೇ.

ಸರಿ, ಇಪ್ಪತ್ತಾರು ನಿಮಿಷದ ಗುಟ್ಟಿಗೆ ಬರೋಣ. ಉತ್ತ ಕೆಮ್ಮಣ್ಣು, ಬಂಡೆ, ಡಾಂಬರು ಬೇಗ ಕಾಯುತ್ತವೆ. ಕೆರೆ, ಗದ್ದೆ, ನೀಲಗಿರಿ ತೋಪು ತಣ್ಣಗಿರುತ್ತವೆ. ಕಾದ ನೆಲದ ಮೇಲಿನ ಗಾಳಿ ಹಿಗ್ಗಿ ಹಗುರಾಗಿ, ತೋಪಿನ ಅಂಚೋ ದಿನ್ನೆಯ ಏರೋ ಒಂದು ನೆಪ ಸಿಕ್ಕೊಡನೆ ನೆಲ ಬಿಟ್ಟೇಳುತ್ತದೆ. ಅದೇ ಥರ್ಮಲ್. ಬೆಳಗಿನದು ಕಿರಿದು, ಒಂದರ ಪಕ್ಕ ಒಂದು. ನಡುಮಧ್ಯಾಹ್ನದ್ದು ಅಗಲ, ಬಲ ಹೆಚ್ಚು, ದೂರ ದೂರ. ಒಂದರಿಂದ ಇನ್ನೊಂದಕ್ಕೆ ಹೋಗುವ ನಡುವೆ ಇಳಿಗಾಳಿ ಇರುತ್ತದೆ. ಅದಕ್ಕೆ ಸಿಕ್ಕಿದ ಗ್ಲೈಡರ್ ನಮ್ಮ ಮೂರು ನಿಮಿಷದ ಲೆಕ್ಕವನ್ನೂ ಉಳಿಸುವುದಿಲ್ಲ.

ಕಣ್ಣಿಗೆ ಕಾಣದ ಇದನ್ನು ಹಿಡಿಯುವುದು ಹೇಗೆ? ಮೊದಲು ಕೆನ್ನೆಯಿಂದ. ಒಂದೇ ಕಡೆಯಿಂದ ಬೀಸುತ್ತಿದ್ದ ಗಾಳಿ ತಟ್ಟನೆ ನಿಂತರೆ, ಇಲ್ಲವೇ ದಿಕ್ಕು ಬದಲಿಸಿದರೆ, ಹತ್ತಿರದಲ್ಲೆಲ್ಲೋ ಬಿಸಿಗಾಳಿ ಮೇಲೆದ್ದು ಸುತ್ತಲ ಗಾಳಿಯನ್ನು ತನ್ನತ್ತ ಎಳೆದುಕೊಳ್ಳುತ್ತಿದೆ ಎಂದರ್ಥ. ಗಳುವಿನ ತುದಿಗೆ ಕಟ್ಟಿದ ರಿಬ್ಬನ್ ಆ ಕಡೆಗೆ ಬೆರಳು ಮಾಡುತ್ತದೆ. ಏರೋಪ್ಲೇನ್ ಚಿಟ್ಟೆಗಳು ಒಂದೇ ಕಡೆ ಗುಂಪು ಕಟ್ಟಿದರೆ ಅಲ್ಲಿ ಸಣ್ಣ ಹುಳುಗಳನ್ನು ಗಾಳಿ ಮೇಲಕ್ಕೆತ್ತುತ್ತಿದೆ. ಮಾರ್ಚಿಯಲ್ಲಿ ದೂಳು, ತರಗೆಲೆ ಎತ್ತಿಕೊಂಡು ಹೊಲದಲ್ಲಿ ಓಡುವ ಸುಳಿಗಾಳಿಯಂತೂ ಕಣ್ಣಿಗೆ ಕಾಣುವ ಥರ್ಮಲ್ಲೇ. ಆಕಾಶದಲ್ಲಿ ಗ್ಲೈಡರಿನ ಒಂದು ರೆಕ್ಕೆ ಯಾರೋ ತಳ್ಳಿದಂತೆ ಮೇಲೆದ್ದರೆ, ಎದ್ದ ರೆಕ್ಕೆಯ ಕಡೆಗೇ ತಿರುಗಿಸಬೇಕು. ಹೊಸಬರು ಗಾಳಿ ತಳ್ಳಿದ ಕಡೆಗೆ ಹೋಗಿಬಿಡುತ್ತಾರೆ. ತಿರುಗಿಸಿ ಸುತ್ತು ಹಾಕುತ್ತಾ ಗಾಳಿಯ ಜತೆ ಹಿಂದಕ್ಕೆ ತೇಲಿಕೊಂಡು ಹೋಗಬೇಕು, ಮರಳಿ ಬರುವಷ್ಟು ಎತ್ತರ ಕೈಯಲ್ಲಿ ಉಳಿಸಿಕೊಂಡು.

ಎಲ್ಲಕ್ಕಿಂತ ದೊಡ್ಡ ಗುರು ಹದ್ದು. ರೆಕ್ಕೆ ಬಡಿಯದೆ ಸುತ್ತುತ್ತಿರುವ ಹದ್ದಿನ ಕೆಳಗೆ ಗ್ಲೈಡರ್ ತಂದು ನಿಲ್ಲಿಸಿದರೆ ಹತ್ತರಲ್ಲಿ ಎಂಟು ಸಲ ಏರುಗಾಳಿ ಸಿಗುತ್ತದೆ. ಕೆಲವೊಮ್ಮೆ ಹದ್ದೇ ನಮ್ಮ ಗ್ಲೈಡರನ್ನು ನೋಡಿ ಬಂದು ಸೇರಿಕೊಳ್ಳುತ್ತದೆ. ಆಗ ಆಗುವ ಹೆಮ್ಮೆ ಯಾವ ಬಡ್ತಿಯ ಪತ್ರ ಬಂದಾಗಲೂ ಆಗಿರಲಿಲ್ಲ. ಹದ್ದುಗಳ ಈ ವಿದ್ಯೆಯನ್ನು ಕೂತು ಗಮನಿಸಿ ಬರೆದಿಟ್ಟವರಲ್ಲಿ ಮೊದಲಿಗರೊಬ್ಬರು ನಮ್ಮ ದೇಶದಲ್ಲೇ ಇದ್ದರು. ಆಗ್ರಾದಲ್ಲಿ ಸರ್ಕಾರಿ ರಾಸಾಯನಿಕ ಪರೀಕ್ಷಕರಾಗಿದ್ದ ಇ.ಎಚ್. ಹ್ಯಾಂಕಿನ್, ಗಂಗೆ ಯಮುನೆಯ ನೀರಿನಲ್ಲಿ ಕಾಲರಾ ರೋಗಾಣುಗಳು ಸಾಯುತ್ತವೆಂದು 1896ರಲ್ಲಿ ಬರೆದವರು. ಅವರೇ ಹದ್ದು, ರಣಹದ್ದುಗಳ ಹಾರಾಟವನ್ನು ಪಟ್ಟಾಗಿ ಕೂತು ನೋಡಿ 1913ರಲ್ಲಿ ‘ಅನಿಮಲ್ ಫ್ಲೈಟ್’ ಎಂಬ ಪುಸ್ತಕ ತಂದರು. ಬೆಳಗ್ಗೆ ಹಗುರವಾದ ಹದ್ದು ಮೊದಲು ತೇಲತೊಡಗುತ್ತದೆ, ಭಾರದ ರಣಹದ್ದು ಬಿಸಿಲೇರುವವರೆಗೆ ಕಾಯುತ್ತದೆ ಎಂಬುದನ್ನು ಗುರುತಿಸಿದ್ದು ಅವರು. ನಾವೂ ಅದನ್ನೇ ಪಾಲಿಸುತ್ತೇವೆ: ಒಂಬತ್ತಕ್ಕೆ ಹಗುರ ಗ್ಲೈಡರ್, ಹನ್ನೊಂದರ ಮೇಲೆ ಭಾರದ್ದು. ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ ಅವರಿಗೂ ಇದೇ ಹುಚ್ಚಿತ್ತು. ಮುಂಗಾರಿನ ಒಗಟನ್ನು ಬಿಡಿಸಲು ಹೊರಟು ಸಾಗರದಾಚೆಯ ಒತ್ತಡದ ಏರಿಳಿತ ಕಂಡುಕೊಂಡ ಆ ಮಹಾನುಭಾವರು ರೆಕ್ಕೆ ಬಡಿಯದ ಹಕ್ಕಿಗಳ ಬಗ್ಗೆಯೂ ಬರೆದಿದ್ದಾರೆ.

ಇನ್ನು ನಮ್ಮ ದೇಹದ ವಿಷಯ. ಮೊದಲು ಕಣ್ಣು. 300 ಮೀಟರ್ ದೂರದಲ್ಲಿರುವ 2 ಮೀಟರ್ ರೆಕ್ಕೆ, ಕೈ ಚಾಚಿ ಹಿಡಿದ ಸೋನಾಮಸೂರಿ ಕಾಳಿಗಿಂತ ಚಿಕ್ಕದಾಗಿ, ಬರೀ 4 ಮಿಲಿಮೀಟರಿನಷ್ಟು ಕಾಣುತ್ತದೆ. ಅದು ಬರುತ್ತಿದೆಯೋ ಹೋಗುತ್ತಿದೆಯೋ ತಿಳಿಯುವುದಿಲ್ಲ. ಇಪ್ಪತ್ತರ ಹುಡುಗನಿಗೂ ಅದು ಕಷ್ಟವೇ. ಪರಿಹಾರ ಬಡಗಿಯ ಕೈಯಲ್ಲಿದೆ. ರೆಕ್ಕೆಯನ್ನು 3 ಮೀಟರಿಗೆ ಏರಿಸಿ, ತಳಕ್ಕೆ ಕಡುನೀಲಿ ಅಥವಾ ಕಪ್ಪು ಬಣ್ಣ ಕೊಡಿ. ಬಿಳಿ ಆಕಾಶಕ್ಕೆ ಎದ್ದು ಕಾಣುತ್ತದೆ. ಮೇಲ್ಭಾಗಕ್ಕೆ ಹಳದಿ ಇಲ್ಲವೇ ಕೆಂಪು. ಬೆಳಕು ಹಾಯುವ ಪಾರದರ್ಶಕ ಫಿಲ್ಮ್ ಗೋಡೆಗೆ ನೇತುಹಾಕಲು ಚೆಂದ, ಆಕಾಶದಲ್ಲಿ ಮಾಯ. ಪೊರೆಯ ಆಪರೇಷನ್ ಆಗಿ ದೂರದೃಷ್ಟಿಯ ಲೆನ್ಸ್ ಕೂರಿಸಿಕೊಂಡವರು ಮತ್ತೆ ಹುಡುಗರಾಗಿಬಿಡುತ್ತಾರೆ. ಓದುವ ಕನ್ನಡಕ ಬೇಕಾಗುವುದು ಕಟ್ಟುವಾಗ ಮಾತ್ರ. ತಂಪು ಕನ್ನಡಕ ಕೊಳ್ಳುವಾಗ ಒಂದು ಎಚ್ಚರ: ಪೋಲರೈಸ್ಡ್ ಗಾಜಿನಲ್ಲಿ ಕೆಲವು ಟ್ರಾನ್ಸ್‌ಮಿಟರುಗಳ ಪರದೆ ಪೂರ್ತಿ ಕಪ್ಪಾಗಿ ಕಾಣುತ್ತದೆ.

ಕಣ್ಣು ಸೋತ ಕಡೆ ಕಿವಿ ನೆರವಿಗೆ ಬರುತ್ತದೆ. ಗ್ಲೈಡರಿನೊಳಗೆ ಕೂರಿಸುವ ವೇರಿಯೊ ಎಂಬ ಪುಟ್ಟ ಉಪಕರಣ ಗಾಳಿಯ ಒತ್ತಡ ಅಳೆದು, ಏರುತ್ತಿದ್ದರೆ ಚುರುಕಾಗಿ ಪೀಪೀ ಎನ್ನುತ್ತದೆ, ಇಳಿಯುತ್ತಿದ್ದರೆ ಗೊಣಗುತ್ತದೆ. ಆದರೆ ವಯಸ್ಸಾದಂತೆ ಮೊದಲು ಕೈಕೊಡುವುದು ಕೀರಲು ದನಿ ಕೇಳುವ ಶಕ್ತಿ. ತಯಾರಕರು ಇಟ್ಟ ಸ್ವರವೇ ಕೇಳದೆ “ಇದು ಕೆಟ್ಟಿದೆ” ಎಂದು ವಾಪಸು ಕೊಟ್ಟವರಿದ್ದಾರೆ. ಸೆಟ್ಟಿಂಗ್‌ನಲ್ಲಿ ಶ್ರುತಿ ತಗ್ಗಿಸಿಕೊಂಡರೆ ಸಾಕು.

ಕುತ್ತಿಗೆಗೆ ಮಡಚುವ ಆರಾಮ ಕುರ್ಚಿ. ಗ್ಲೈಡರ್ ನೆತ್ತಿಯ ಮೇಲೆ ಬರದಂತೆ ಎದುರಿಗೇ ಹಾರಿಸುವ ಅಭ್ಯಾಸವಾದರೆ ತಲೆಸುತ್ತೂ ಇಲ್ಲ. ಬೆರಳು ನಡುಗಿದರೆ ಟ್ರಾನ್ಸ್‌ಮಿಟರಿನಲ್ಲಿ ‘ಎಕ್ಸ್‌ಪೊ’ ಏರಿಸಬೇಕು. ಆಗ ಸ್ಟಿಕ್ಕಿನ ನಡುಭಾಗ ಮೆದುವಾಗಿ, ಸಣ್ಣ ನಡುಕ ಬಾಲದ ರಡ್ಡರಿನ ತನಕ ಹೋಗುವುದಿಲ್ಲ. ರೆಕ್ಕೆಯ ತುದಿಗಳನ್ನು ಮೇಲಕ್ಕೆ ಬಾಗಿಸಿ ಕಟ್ಟಿದ್ದರೆ ಅದೇ ದೊಡ್ಡ ವಿಮೆ. ಗಾಬರಿಯಾದಾಗ ಎರಡೂ ಸ್ಟಿಕ್ ಬಿಟ್ಟುಬಿಡಿ, ಸಾಕಷ್ಟು ಎತ್ತರವಿದ್ದರೆ ಗ್ಲೈಡರ್ ತಾನೇ ನೆಟ್ಟಗಾಗುತ್ತದೆ. ನಮ್ಮತ್ತ ಮುಖಮಾಡಿ ಬರುವಾಗ ಎಡ ಬಲ ಅದಲುಬದಲಾಗುವುದು ಎಲ್ಲರನ್ನೂ ಕಾಡುವ ಪೇಚು. ಅದಕ್ಕೊಂದು ಸುಲಭ ಸೂತ್ರವಿದೆ: ಯಾವ ರೆಕ್ಕೆ ತಗ್ಗಿದೆಯೋ ಸ್ಟಿಕ್ಕನ್ನು ಆ ಕಡೆಗೇ ತಳ್ಳಿ. ಮರೆವಿಗೆ ಔಷಧಿ ಎಂದರೆ ಒಂದು ಚೀಟಿ. ಸ್ವಿಚ್ ಹಾಕುವಾಗ ಮೊದಲು ಟ್ರಾನ್ಸ್‌ಮಿಟರ್, ಆಮೇಲೆ ಗ್ಲೈಡರ್, ಆರಿಸುವಾಗ ತಿರುವುಮುರುವು. ನನ್ನ ಚೀಟಿಯಲ್ಲಿ ಕೊನೆಯ ಸಾಲು ‘ಬಿಪಿ ಮಾತ್ರೆ, ನೀರು’.

ಇಷ್ಟೆಲ್ಲ ಹೊಂದಾಣಿಕೆ ಎಲ್ಲಿಯವರೆಗೆ ಹೋಗಬಹುದು ಎನ್ನುವುದಕ್ಕೆ ಅಮೆರಿಕದ ಮೇನಾರ್ಡ್ ಹಿಲ್ ಅವರನ್ನು ನೋಡಬೇಕು. ಅವರು ಹಾರಿಸಿದ್ದು ಗ್ಲೈಡರಲ್ಲ, ಎಂಜಿನ್ ಇದ್ದ ಮಾದರಿ ವಿಮಾನ. ಆದರೂ ಈ ಮಾತಿಗೆ ಅವರಿಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಜಾನ್ಸ್ ಹಾಪ್‌ಕಿನ್ಸ್‌ನ ಪ್ರಯೋಗಾಲಯದಿಂದ ನಿವೃತ್ತರಾದ ಎಂಜಿನಿಯರ್. ಕಾನೂನಿನ ಲೆಕ್ಕದಲ್ಲಿ ಕುರುಡರು, ಕಿವಿಯೂ ಅಷ್ಟಕ್ಕಷ್ಟೆ. ಆಗ ವಯಸ್ಸು 77. ಬಾಲ್ಸಾ ಮತ್ತು ತೆಳು ಪ್ಲಾಸ್ಟಿಕ್ ಹೊದಿಕೆಯಿಂದ ಕಟ್ಟಿದ, 5 ಕಿಲೋ ಮೀರದ ‘ಟ್ಯಾಮ್-5’ ವಿಮಾನ 2003ರ ಆಗಸ್ಟ್ 9ರಂದು ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಕೇಪ್ ಸ್ಪಿಯರ್‌ನಿಂದ ಹೊರಟಿತು. ಮುಂದಿನ ದಾರಿಯನ್ನು ಉಪಗ್ರಹದ ಸಂಕೇತ ಹಿಡಿದು ಸ್ವಯಂಚಾಲಕ ನೋಡಿಕೊಂಡಿತು. ಒಂದು ಗ್ಯಾಲನ್ನಿಗೂ ಕಡಿಮೆ ಲಾಟೀನು ಇಂಧನದಲ್ಲಿ, 38 ಗಂಟೆ 52 ನಿಮಿಷ ಹಾರಿ, ಸುಮಾರು 3,030 ಕಿಲೋಮೀಟರ್ ಅಟ್ಲಾಂಟಿಕ್ ದಾಟಿ ಐರ್ಲೆಂಡಿನ ಕ್ಲಿಫ್ಡನ್ ಬಳಿ ಇಳಿಯಿತು. 1919ರಲ್ಲಿ ಆಲ್ಕಾಕ್ ಮತ್ತು ಬ್ರೌನ್ ಮೊದಲ ಬಾರಿಗೆ ಎಲ್ಲೂ ನಿಲ್ಲದೆ ಅಟ್ಲಾಂಟಿಕ್ ದಾಟಿ ಇಳಿದದ್ದೂ ಅಲ್ಲೇ ಹತ್ತಿರದಲ್ಲಿ. ಟ್ಯಾಮ್-5ಕ್ಕೆ ಮುಂಚಿನ ಯತ್ನಗಳೆಲ್ಲ ವಿಫಲವಾಗಿದ್ದವು. ಐದನೆಯ ಯತ್ನಕ್ಕೂ ಎದ್ದು ನಿಂತ ಆ ಮನುಷ್ಯನ ಮುಂದೆ ‘ಕಾಲ ಕಳೆಯುವುದು’ ಎಂಬ ಮಾತನ್ನು ಹೇಳಿ ನೋಡಿ.

ಸ್ಪರ್ಧೆ ಬೇಕೆನ್ನುವವರಿಗೆ ಎಫ್5ಜೆ ಎಂಬ ಅಂತರರಾಷ್ಟ್ರೀಯ ವರ್ಗವಿದೆ. ಅದರ ನಿಯಮ ಬರೆದವರು ಮುದುಕರನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದರೇನೋ ಎಂದು ನನಗೆ ಗುಮಾನಿ. ಹತ್ತು ನಿಮಿಷದ ಅವಧಿ; ಮೋಟರ್ ಹೆಚ್ಚೆಂದರೆ 30 ಸೆಕೆಂಡು. ಏರಿದ ಪ್ರತಿ ಮೀಟರಿಗೂ ಅರ್ಧ ಅಂಕ ಕಡಿತ, 200 ಮೀಟರ್ ದಾಟಿದರೆ ಮೀಟರಿಗೆ 3 ಅಂಕ. ಹಾಗಾಗಿ ಗಾಳಿ ಓದಬಲ್ಲವರು 60 ಮೀಟರಿನಲ್ಲೇ ಮೋಟರ್ ಆರಿಸಿ ಎದುರಾಳಿಯ ಎದೆ ನಡುಗಿಸುತ್ತಾರೆ. ಕೊನೆಗೆ ಗುರುತಿನ ಒಂದು ಮೀಟರಿನೊಳಗೆ ಇಳಿಸಿದರೆ 50 ಅಂಕ. ಇದೇ ಹವ್ಯಾಸದ ಇನ್ನೊಂದು ತುದಿಯಲ್ಲಿ, ಬೆಟ್ಟದ ಹಿಂಬದಿಯ ಗಾಳಿಯಲ್ಲಿ ಸುತ್ತಿಸಿ ಸುತ್ತಿಸಿ ವೇಗ ಕೂಡಿಸುವವರಿದ್ದಾರೆ. 2021ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಪೆನ್ಸರ್ ಲಿಸೆನ್‌ಬಿ ಎಂಜಿನ್ ಇಲ್ಲದ ಗ್ಲೈಡರನ್ನು ಗಂಟೆಗೆ 882 ಕಿಲೋಮೀಟರ್ ಓಡಿಸಿದರು. ಅವರಿಗೆ ದೂರದಿಂದಲೇ ನಮಸ್ಕಾರ.

ನಮ್ಮಲ್ಲಿ ಜಾಗದ್ದೇ ತಾಪತ್ರಯ. ಆಷಾಢದಲ್ಲಿ ಗಾಳಿಪಟದ ಹುಚ್ಚು ಹಿಡಿಯುವ ದೊಡ್ಡಬಳ್ಳಾಪುರದ ಕಡೆಗೆ ಹೋಗೋಣವೆಂದರೆ ನಡುವೆ ಜಕ್ಕೂರು, ಯಲಹಂಕ, ದೇವನಹಳ್ಳಿಗಳ ವಿಮಾನಗಳಿವೆ. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ 400 ಅಡಿ, ಅಂದರೆ 120 ಮೀಟರಿನವರೆಗೆ ಹಾರಿಸಬಹುದು; 2 ಕಿಲೋದೊಳಗಿನದನ್ನು ಸ್ವಂತ ಖುಷಿಗೆ ಹಾರಿಸಲು ಪೈಲಟ್ ಪರವಾನಗಿ ಬೇಡ. ಮನೆ ಬಿಡುವ ಮೊದಲು ಡಿಜಿಟಲ್ ಸ್ಕೈ ನಕ್ಷೆ ನೋಡುವುದು, ಹೊಲದವರ ಅಪ್ಪಣೆ ಕೇಳುವುದು ಎರಡೂ ಅಷ್ಟೇ ಮುಖ್ಯ. 120 ಮೀಟರ್ ಮಿತಿಯಿಂದಾಗಿ ಒಳ್ಳೆಯ ಥರ್ಮಲ್ ಸಿಕ್ಕಾಗ ಅದನ್ನು ಬಿಟ್ಟು ಕೆಳಗಿಳಿಯಬೇಕಾಗುತ್ತದೆ. ರೆಕ್ಕೆಯ ಹಿಂಚಿನಲ್ಲಿರುವ ಫ್ಲಾಪ್ ಕೆಳಗೆ, ಏಲರಾನ್ ಮೇಲೆ ಮಾಡಿ ಬ್ರೇಕು ಹಾಕಿಕೊಂಡು, ಇಳಿಯಲೊಲ್ಲದ ಗ್ಲೈಡರನ್ನು ಇಳಿಸುವುದೂ ಒಂದು ವಿದ್ಯೆ. ಜೊತೆಗೆ, ನಮ್ಮ ಕಣ್ಣಿಗೂ ಆ ಎತ್ತರವೇ ಹಿತ.

ಸದ್ಯ ನಮ್ಮ ಮನೆಯಲ್ಲಿ 3 ಮೀಟರಿನದೊಂದು ಏಳುತ್ತಿದೆ. ಅಪಾರ್ಟ್‌ಮೆಂಟಿನ ಲಿಫ್ಟಿನ ಮೂಲೆಯಿಂದ ಮೂಲೆಗೆ ಟೇಪು ಹಿಡಿದು ಅಳೆದು, ರೆಕ್ಕೆಯನ್ನು ಮೂರು ತುಂಡು ಮಾಡಿ, ನಡುವೆ ಕಾರ್ಬನ್ ಸಲಾಕೆ ಇಟ್ಟು ಜೋಡಿಸುವುದೆಂದು ತೀರ್ಮಾನಿಸಿದ್ದೇನೆ. “ರೀ, ಯುಗಾದಿಗೆ ನಮ್ಮಣ್ಣನ ಮನೆಯವರೆಲ್ಲ ಬರ್ತಿದ್ದಾರೆ, ಅಷ್ಟರೊಳಗೆ ಊಟದ ಮೇಜು ಖಾಲಿ ಆಗಬೇಕು” ಎಂದು ಅಡುಗೆಮನೆಯಿಂದ ಆಜ್ಞೆಯಾಗಿದೆ. ಎಡಗಡೆಯ ತುಂಡಿಗೆ ಇನ್ನೂ ಹನ್ನೊಂದು ರಿಬ್ ಬಾಕಿ.